ಎಲ್ಲರೂ ಪಾಸಾದ ಕೋರ್ಸ್

ಯಾರಾದರೂ ‘ಅರ್ಥವಾಯಿತು’ ಎಂದರೆ ಸಾಕು, ಟೀಚರ್ ಅವರ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಹಣೆಯ ವಿಭೂತಿಯ ಗೆರೆಗಳು ಅದೇ ಕಡೆಗೆ ವಾಲಿ, ಕನ್ನಡಕ ಮೂಗಿನ ತುದಿಗೆ ಜಾರಿ, ಎದುರಿಗಿದ್ದವರಿಗೆ ತಾವೇ ಏನೋ ಕದ್ದಿದ್ದೇವೆಂಬ ಅನುಮಾನ ಶುರುವಾಗುತ್ತಿತ್ತು. ನನಗಂತೂ ಮೊದಲ ದಿನವೇ ಆಯಿತು.

ನಾವಿಬ್ಬರೂ ಸಿಂಗಪುರದ ಕಾಕಿ ಬುಕಿತ್‌ನ ಒಂದು ತರಬೇತಿ ಕೇಂದ್ರದಲ್ಲಿದ್ದೆವು. ಗೋದಾಮುಗಳ ಕೆಲಸಗಾರರಿಗೆ ಸುರಕ್ಷತೆಯ ಪಾಠಗಳನ್ನು ಆನ್‌ಲೈನ್‌ನಲ್ಲಿ ಮಾಡಿಕೊಡುವುದು ನಮ್ಮ ಕಸುಬು. ಪಾಠ ಹೇಗಿರಬೇಕೆಂದು ಅವರು ಯೋಚಿಸುತ್ತಿದ್ದರು, ನಾನು ಅದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಬಂದವರಾದ್ದರಿಂದ ಆಫೀಸಿನ ಚೀನೀಯರು, ಮಲಯರು ಎಲ್ಲರಿಗೂ ಅವರು ಟೀಚರ್. ನಾನು ಮೈಸೂರಿನವಳು. ನನ್ನ ಜೊತೆ ಅವರು ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದರು. ಸಿಟ್ಟು ಬಂದಾಗ ಅಥವಾ ಪ್ರೀತಿ ಉಕ್ಕಿದಾಗ ಮಾತ್ರ ಬಾಗಲಕೋಟೆ ಹೊರಗೆ ಬರುತ್ತಿತ್ತು.

ಊಟದ ಹೊತ್ತಿನಲ್ಲೂ ಅದೇ ಸ್ವಭಾವ. ಹಾಕರ್ ಸೆಂಟರಿನ ಊಟದ ಅಂಗಡಿಗಳ ಸಾಲಿನಲ್ಲಿ “ಆಂಟಿ, ನೋ ಎಗ್, ನೋ ಆಯ್ಸ್ಟರ್ ಸಾಸ್” ಎಂದು ಹೇಳಿದ ಮೇಲೂ ಸೌಟು ಯಾವ ಪಾತ್ರೆಗೆ ಹೋಗುತ್ತದೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಂಗಡಿಯಾಕೆ “ವೆಜಿಟೇರಿಯನ್ ಲಾ, ಐ ಪ್ರಾಮಿಸ್” ಅಂದರೆ ನನ್ನ ಕಡೆ ಬಾಗಿ, “ಪ್ರಾಮಿಸ್ ಯಾಕ ಮಾಡಾಕತ್ತಾಳ ಈಕಿ?” ಎನ್ನುತ್ತಿದ್ದರು.

ಗಂಡನ ಜೊತೆ ಸಿಂಗಪುರಕ್ಕೆ ಬಂದು, ನಲವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಸೇರಿ, ಪಾಠ ವಿನ್ಯಾಸ ಮಾಡುವುದನ್ನು ಕಲಿತವರು. ಮೊದಮೊದಲು ಕಂಪ್ಯೂಟರಿನ ಆಟಗಳಿಗೆ ಮರುಳಾಗಿದ್ದರಂತೆ. ಅವರ ಮೊದಲ ಕೋರ್ಸಿನಲ್ಲಿ ಪ್ರತಿ ಪುಟಕ್ಕೂ ಸರಕು ಎತ್ತಿ ಸಾಗಿಸುವ ಒಂದು ಫೋರ್ಕ್‌ಲಿಫ್ಟ್ ಪೀಂ ಎಂದು ಸದ್ದು ಮಾಡುತ್ತಾ ಎಡದಿಂದ ಬಲಕ್ಕೆ ಓಡುತ್ತಿತ್ತು. ಅದನ್ನು ನನಗೆ ತೋರಿಸಿ ತಾವೇ ನಕ್ಕಿದ್ದರು. ಆಮೇಲೆ ಏನಾಯಿತೋ, ಸಂಶಯ ಹೊಕ್ಕಿತು. ಕೋರ್ಸಿನ ಉದ್ದೇಶದಲ್ಲಿ ‘ಕೆಲಸಗಾರರು ಅರ್ಥಮಾಡಿಕೊಳ್ಳುವರು’ ಎಂದು ನಾನು ಬರೆದರೆ ಹೊಡೆದುಹಾಕುತ್ತಿದ್ದರು. “ಅರ್ಥ ಆಗಿದ್ದು ಯಾರಿಗೆ ಕಾಣಿಸುತ್ತೆ? ಏನು ಮಾಡಿ ತೋರಿಸ್ತಾರೆ, ಅದನ್ನ ಬರಿ.” ಅವರಿಗೆ ಅತಿ ಹೆಚ್ಚು ಅನುಮಾನವಿದ್ದದ್ದು ತಮ್ಮ ಪಾಠಗಳ ಮೇಲೆಯೇ. ಇದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ನನ್ನ ಮೇಲೆಯೇ ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ.

ಆ ವರ್ಷ ಒಂದು ದೊಡ್ಡ ಗೋದಾಮಿಗೆ ಫೋರ್ಕ್‌ಲಿಫ್ಟ್ ಸುರಕ್ಷತೆಯ ಕೋರ್ಸ್ ಮಾಡಿದೆವು. ಇಂಗ್ಲಿಷ್, ಚೀನೀ, ತಮಿಳು, ಬಂಗಾಳಿ, ಎಲ್ಲದರಲ್ಲೂ. ಪ್ರಯೋಗಕ್ಕೆಂದು ಕೊಟ್ಟ ಮೊದಲ ತಂಡದಲ್ಲಿ ಒಬ್ಬರೂ ಬಿಡದಂತೆ ಎಲ್ಲರೂ ಪಾಸಾದರು. ಬಾಸ್ ಎಲ್ಲರಿಗೂ ಕೇಕ್ ತರಿಸಿದರು. ಟೀಚರ್ ಕೇಕ್ ಮುಟ್ಟಲಿಲ್ಲ. ಮೊಟ್ಟೆಯ ಅನುಮಾನ ಎಂದುಕೊಂಡೆ.

ಮಧ್ಯಾಹ್ನ ನೋಡಿದರೆ ತಮ್ಮ ಜಾಗದಲ್ಲಿ ಕೂತು ಚೀನೀ ಭಾಷೆಯ ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಚೀನೀ ಒಂದಕ್ಷರವೂ ಬಾರದು. ಪರದೆಯ ಮೇಲೆ ಹಸಿರು ಬಣ್ಣ ಬಂತು. ಪಾಸ್.

“ಹೇಗೆ ಟೀಚರ್?”

“ಉದ್ದ ಇದ್ದದ್ದನ್ನ ಒತ್ತಿದೆ, ಅಷ್ಟೇ. ಸರಿ ಉತ್ತರಾನ ಕಾಳಜಿಯಿಂದ ಬರದೀನಿ, ಅದಕ್ಕ ಉದ್ದ ಆಗೈತಿ. ತಪ್ಪು ಉತ್ತರ ಹೆಂಗೋ ಗೀಚೀನಿ. ಆ ಹುಡುಗ್ರು ಪಾಠ ಕಲ್ತಿಲ್ಲ ತಂಗಿ, ನನ್ನ ಕಲ್ತಾರ.”

ಬಾಸ್ ಚೀನೀಯರು. ಅವರನ್ನು ಟೀಚರ್ ಕರೆದು, ಅವರಿಗೆ ಬಾರದ ಬಂಗಾಳಿಯ ಪರೀಕ್ಷೆಯ ಮುಂದೆ ಕೂರಿಸಿದರು, ಉದ್ದದ ಸಾಲನ್ನೇ ಆರಿಸಿ ಎಂದರು. ಅವರೂ ಪಾಸಾದರು. ಆದರೂ “ಎವ್ರಿಬಡಿ ಪಾಸ್, ಕ್ಲೈಂಟ್ ಹ್ಯಾಪಿ. ನೆಕ್ಸ್ಟ್ ವರ್ಷನ್‌ನಲ್ಲಿ ಚೇಂಜ್ ಮಾಡು ಲಾ” ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ಇದೇ ಪಾಸನ್ನು ನಂಬಿ ಗೋದಾಮಿನವರು ಆ ಹುಡುಗರನ್ನು ಫೋರ್ಕ್‌ಲಿಫ್ಟ್ ಮೇಲೆ ಕೂರಿಸುತ್ತಾರೆ, ನಾನು ಅಪ್ರೂವ್ ಮಾಡುವುದಿಲ್ಲ ಎಂದರು ಟೀಚರ್. ಅವರ ಕಾಂಟ್ರ್ಯಾಕ್ಟ್ ಮುಗಿಯುತ್ತಿದ್ದ ತಿಂಗಳು ಅದು. ಕೆಲಸ ಎಳೆದು ತಾನೂ ಉಳಿದುಕೊಳ್ಳಲು ಈಕೆ ಹೂಡಿದ ಉಪಾಯವಿದು ಎಂದು ಬಾಸ್ ಬೇರೆಯವರ ಬಳಿ ಅಂದದ್ದು ನನ್ನ ಕಿವಿಗೂ ಬಿತ್ತು. ನಾಚಿಕೆಯ ವಿಷಯವೆಂದರೆ, ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು.

ಮರುದಿನ ಬಾಸ್ ನನ್ನನ್ನು ಕರೆದರು. ಕೋರ್ಸ್ ಒಪ್ಪಿಗೆಯ ಹಕ್ಕು ಇದ್ದದ್ದು ಇಬ್ಬರಿಗೇ, ಟೀಚರ್‌ಗೆ ಮತ್ತು ನನಗೆ. “ನೀನು ಅಪ್ರೂವ್ ಮಾಡು” ಎಂದರು. ನನ್ನ ವರ್ಕ್ ಪಾಸ್ ಆ ಕೆಲಸಕ್ಕೇ ಅಂಟಿಕೊಂಡಿತ್ತು, ಕೆಲಸ ಹೋದರೆ ದೇಶ ಬಿಡಬೇಕಿತ್ತು. ಮಗಳನ್ನು ಆಗಷ್ಟೇ ಬೆಡೋಕ್‌ನ ಶಾಲೆಗೆ ಸೇರಿಸಿದ್ದೆವು. ಅವರ ಎದುರಿಗೇ ಲ್ಯಾಪ್‌ಟಾಪ್ ತೆರೆದೆ. ಅಪ್ರೂವ್ ಬಟನ್ ಇರಲಿಲ್ಲ. ಹಿಂದಿನ ಸಂಜೆ ಟೀಚರ್ ನನ್ನ ಹೆಸರನ್ನು ಒಪ್ಪಿಗೆ ಕೊಡುವವರ ಪಟ್ಟಿಯಿಂದ ತೆಗೆದಿದ್ದರು. ಆ ಪಟ್ಟಿ ಬದಲಿಸುವ ಅಧಿಕಾರವಿದ್ದದ್ದು ಅವರೊಬ್ಬರಿಗೇ.

ಬಾಸ್ ನನ್ನನ್ನು ಏನೂ ಅನ್ನುವಂತಿರಲಿಲ್ಲ. ಬೇರೆ ದಾರಿ ಕಾಣದೆ ಕ್ಲೈಂಟ್ ಬಳಿ ಒಂದು ವಾರ ಕೇಳಿಕೊಂಡರು. ಆ ವಾರದಲ್ಲಿ ಟೀಚರ್ ಪ್ರಶ್ನೆಗಳನ್ನು ಕಿತ್ತುಹಾಕಿ, ಗೋದಾಮಿನಲ್ಲೇ ಒಂದು ಮೂಲೆಯಲ್ಲಿ ಬೇಕೆಂದೇ ತಪ್ಪಾಗಿ ಸರಕು ಜೋಡಿಸಿ, ಕೆಳಗಿಳಿಸಿರಬೇಕಾದ ಫೋರ್ಕ್ ಮೇಲೆತ್ತಿಯೇ ಗಾಡಿ ನಿಲ್ಲಿಸಿ, “ತಪ್ಪು ಎಲ್ಲಿದೆ, ಕೈ ಇಟ್ಟು ತೋರಿಸು” ಎನ್ನುವ ಪರೀಕ್ಷೆ ಮಾಡಿದರು. ಹಸಿರು ಬಣ್ಣ ಪಡೆದಿದ್ದ ಹುಡುಗರಲ್ಲಿ ಹೆಚ್ಚಿನವರು ಸುಮ್ಮನೆ ನಿಂತುಬಿಟ್ಟರು. ಅವರಿಗೆ ಅಲ್ಲೇ, ಆ ಗಾಡಿಯ ಪಕ್ಕದಲ್ಲೇ, ಮೊದಲಿನಿಂದ ಪಾಠ ಶುರುವಾಯಿತು.

ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಟೀಚರ್? ಕೇಳ್ದೇನೇ ನನ್ನ ರೈಟ್ಸ್ ರಿಮೂವ್ ಮಾಡಿದ್ರಲ್ಲ.”

ಅವರು ಅನ್ನ ಕಲೆಸುತ್ತಲೇ ಇದ್ದರು. “ಇಲ್ಲ ಅಂತ ತಿಳ್ಕೋ.”

“ನಾನು ಅಪ್ರೂವ್ ಮಾಡ್ತಿದ್ದೆ ಅಂತಾನಾ?”

“ನನಗ ಪಿಆರ್ ಐತಿ, ಇಲ್ಲೇ ಕಾಯಂ ಇರಬಹುದು. ಕೆಲಸ ಹೋದ್ರ ಮನ್ಯಾಗ ಕೂಡ್ತೀನಿ. ನಿನಗ ಸಣ್ಣ ಕೂಸೈತಿ.” ಅಷ್ಟು ಹೇಳಿ ಮಜ್ಜಿಗೆಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. “ಉಣ್ಣು.”

ಅವರ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಐವತ್ತು ದಾಟಿದವರಿಗೆ ಅಂಥ ಕೆಲಸ ಮತ್ತೆ ಸಿಗುವುದು ಕಷ್ಟ, ಸಿಗಲೂ ಇಲ್ಲ. ಈಗ ಬುಕಿತ್ ಬಾಟೋಕ್‌ನ ಮನೆಯಲ್ಲಿ ನಾಲ್ಕಾರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಅವರ ಕುರ್ಚಿಯಲ್ಲಿ ನಾನಿದ್ದೇನೆ. ಮಗಳು ಸೆಕೆಂಡರಿ ಶಾಲೆಗೆ ಬಂದಿದ್ದಾಳೆ. ಹೊಸ ಹುಡುಗಿಯರು ಸೇರಿದಾಗ ಈ ಕಥೆ ಹೇಳುತ್ತೇನೆ, ಅವರು ಉದ್ದದ ಉತ್ತರದ ಸಂಗತಿಗೆ ನಗುತ್ತಾರೆ.

ಒಬ್ಬಳು ಮಾತ್ರ ಕೇಳಿದಳು, “ಬಟನ್ ಇದ್ದಿದ್ರೆ ನೀವು ಒತ್ತುತ್ತಿದ್ರಾ ಮೇಡಂ?” ಇಲ್ಲ ಎಂದೆ. ತಕ್ಷಣ ಹೇಳಿದೆ, ದೃಢವಾಗಿ ಹೇಳಿದೆ. ನನ್ನ ಮಾತನ್ನು ಅವಳು ನಂಬಿದಳು. ನಾನು ಇಂದಿಗೂ ನಂಬಿಲ್ಲ. ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕಾದ ಗಳಿಗೆ ನನ್ನ ಬಾಳಿನಲ್ಲಿ ಬರದಂತೆ ಟೀಚರ್ ನೋಡಿಕೊಂಡರು, ತಮ್ಮ ಕೆಲಸ ಕಳೆದುಕೊಂಡು.