ಪಳಗಿದ ಕೈ

ಇವತ್ತು ಬೆಳಿಗ್ಗೆ ರೊಟ್ಟಿ ತಿರುವಿ ಹಾಕುವಾಗ ಹೆಬ್ಬೆರಳು ಹಂಚಿಗೆ ತಾಗಿತು. ಚುರ್ರೆಂದಿತು, ಕೈ ಎಳೆದುಕೊಂಡೆ. ಸುಟ್ಟ ಚರ್ಮದ ಆ ಸಣ್ಣ ವಾಸನೆಗೆ ಕೊಟ್ಟೂರಿನ ಪಕ್ಕದ ಮನೆಯ ಅಕ್ಕ ಕಣ್ಣ ಮುಂದೆ ಬಂದು ನಿಂತಳು.

ತೊಂಬತ್ತರ ದಶಕದಲ್ಲಿ ನಾನು ಆ ಓಣಿಗೆ ಸೊಸೆಯಾಗಿ ಬಂದಾಗ ಜೋಳದ ರೊಟ್ಟಿ ಬಡಿಯಲು ಕಲಿಸಿದವಳು ಆಕೆ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಎತ್ತುತ್ತಿದ್ದಳು. ಒಲೆಯ ಕೆಂಡವನ್ನೂ ಬೆರಳಲ್ಲೇ ಸರಿಸುತ್ತಿದ್ದಳು. ಪಳಗಿದ ಕೈ ಎಂದು ಓಣಿಯೆಲ್ಲ ಹೊಗಳುತ್ತಿತ್ತು. ನಮ್ಮ ಅತ್ತೆಯಂತೂ "ಆಕಿ ಕೈ ನೋಡಿ ಕಲಿ" ಎಂದು ನನ್ನನ್ನು ಚುಚ್ಚದ ದಿನವಿಲ್ಲ.

ಆ ವರ್ಷ ನನ್ನ ತೋಳ ಮೇಲೆ ಒಂದು ಬಿಳಿ ಮಚ್ಚೆ ಎದ್ದಿತು. ಕುಷ್ಠದ ಹೆಸರನ್ನು ನಮ್ಮಲ್ಲಿ ಯಾರೂ ಬಾಯಲ್ಲಿ ಎತ್ತುವುದಿಲ್ಲ, ದೊಡ್ಡರೋಗ ಎನ್ನುತ್ತಾರೆ. ಅದೇ ಇರಬೇಕು, ಇನ್ನು ತವರಿಗೆ ಅಟ್ಟುತ್ತಾರೆ ಎಂದು ಜೀವ ಬಾಯಿಗೆ ಬಂತು. ಸೆಖೆಯಲ್ಲೂ ಸೆರಗು ಹೊದ್ದು ತಿರುಗಿದೆ. ಅಕ್ಕ ಮಾತ್ರ ಕಂಡುಹಿಡಿದಳು. ಈ ರೋಗದ ಸಂಶೋಧನೆ ಮಾಡುವ ಯಾವುದೋ ಅಂತರರಾಷ್ಟ್ರೀಯ ವೈದ್ಯರ ಸಂಘದವರು ಶಾಲೆಯಲ್ಲಿ ತಪಾಸಣೆ ಇಟ್ಟಿದ್ದರು. "ಬಾರವಾ, ಹತ್ತಿ ಮುಟ್ಟಿಸಿ ನೋಡ್ತಾರಂತ, ಅಷ್ಟಕ್ಕ ಸಾಯ್ತಿಯೇನು? ನಾ ಇರ್ತೀನಿ" ಎಂದು ಎಳೆದುಕೊಂಡೇ ಹೋದಳು.

ಡಾಕ್ಟರಮ್ಮ ಮೊದಲು ಸಂಘದ ಕಥೆ ಹೇಳಿದರು. ರೋಗಿಗಳನ್ನು ಊರಾಚೆ ತಳ್ಳುತ್ತಿದ್ದ ಕಾಲದಲ್ಲಿ ದೇಶದೇಶದ ವೈದ್ಯರು ಕೂಡಿ ಕಟ್ಟಿದ್ದಂತೆ. ಯಾವ ಮಾತ್ರೆಗೆ ಯಾವುದನ್ನು ಕೂಡಿಸಿದರೆ ವಾಸಿಯಾಗುತ್ತದೆ ಎಂದು ವರ್ಷಗಟ್ಟಲೆ ಹುಡುಕಿದರಂತೆ. ಈ ರೋಗಕ್ಕಾಗಿ ಇನ್ನು ಯಾರೂ ಮನೆ ಬಿಡಬಾರದು, ಅದೇ ಅವರ ಗುರಿಯಂತೆ. ಕಣ್ಣು ಮುಚ್ಚಿಸಿ ಮಚ್ಚೆಗೆ ಹತ್ತಿಯ ಎಳೆ ತಾಗಿಸಿದರು. ತಾಗಿದ್ದು ಗೊತ್ತಾಯಿತು! "ಬರೀ ಸಿಬ್ಬು, ಆ ರೋಗ ಅಲ್ಲ" ಎಂದು ಡಾಕ್ಟರಮ್ಮ ನಕ್ಕರು. ನಾನು ಅಲ್ಲೇ ಅತ್ತುಬಿಟ್ಟೆ.

"ಮುಟ್ಟಿದ್ದು ಗೊತ್ತಾಗ್ಲಿಲ್ಲ, ಸುಟ್ರೂ ಉರೀಲಿಲ್ಲ ಅಂದ್ರೆ ಹೆದರ್ಬೇಕು. ಆಗ ತಡ ಮಾಡ್ಬೇಡಿ" ಎಂದರು.

ಸುಟ್ಟರೂ ಉರಿಯದ ಕೈ... ನಾನು ಅಕ್ಕನ ಕಡೆ ತಿರುಗಿದೆ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು. ನೀವೂ ಕೂತುಕೊಳ್ಳಿ ಎಂದು ಡಾಕ್ಟರಮ್ಮ ಕರೆದರೆ, "ನಂದೇನೈತ್ರಿ, ಆಕಿ ಜೊತಿ ಬಂದೀನಿ" ಎಂದು ಎದ್ದೇಬಿಟ್ಟಳು.

ದಾರಿಯಲ್ಲಿ ನನ್ನ ಮುಖ ನೋಡದೆ ಹೇಳಿದಳು, "ಮಗಳ ಲಗ್ನ ಕೂಡಿ ಬಂದೈತಿ. ಅದೊಂದು ಮುಗೀಲಿ ತಂಗಿ, ಬಾಯಿ ಬಿಡಬ್ಯಾಡ."

"ಮಾತ್ರಿ ಐತಂತಲ್ಲಕ್ಕಾ" ಎಂದೆ.

"ಬೀಗರಿಗೆ ಮಾತ್ರಿ ಐತೇನು?"

ಅಂದಿನಿಂದ ಆಕೆ ಹಂಚಿನ ಮುಂದೆ ಕುಳಿತರೆ ನನಗೆ ನೋಡಲಾರದಷ್ಟು ಭಯ. ಓಣಿಯವರು ಆ ಕೈಯನ್ನು ಹೊಗಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದೆ.

ಲಗ್ನ ಮುಗಿಸಿದ ಮೇಲೆ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಹೋಗಿ ಮಾತ್ರೆ ತಂದು ನುಂಗಿದಳು. ರೋಗ ನಿಂತಿತು, ಅಷ್ಟರಲ್ಲಿ ಮಡಚಿಕೊಂಡಿದ್ದ ಬೆರಳುಗಳು ಬಿಚ್ಚಲಿಲ್ಲ. ಆಮೇಲೆ ನಾನು ಚಹಾ ಕೊಟ್ಟಾಗಲೆಲ್ಲ ಲೋಟ ಹಿಡಿಯುವ ಮುನ್ನ ಕೇಳುತ್ತಿದ್ದಳು, "ನೋಡವಾ, ಬಿಸಿ ಐತೇನು?"

ಆಕೆ ತೀರಿಕೊಂಡು ಬಹಳ ವರ್ಷಗಳಾದವು... ಇವತ್ತು ಬೆರಳನ್ನು ನೀರಲ್ಲಿ ಅದ್ದಲಿಲ್ಲ. ಉರಿಯುವಷ್ಟು ಉರಿಯಲಿ ಎಂದು ಹಿಡಿದುಕೊಂಡು ನಿಂತೆ. "ಬಿಸಿ ಐತಕ್ಕಾ" ಎಂದೆ, ಯಾರೂ ಇಲ್ಲದ ಅಡುಗೆಮನೆಯಲ್ಲಿ.