ಬಂತು ಪಾಪಕ್ಕನ ಅಗ್ನಿಮೂಲೆ

ಸಾಸಲಿನಲ್ಲಿ ಪಾಪಕ್ಕ ಅಂತ ಕೂಗಿದರೆ ಮೂವರು ತಿರುಗಿ ನೋಡುತ್ತಾರೆ. ಒಬ್ಬಳು ಡೈರಿ ಪಾಪಕ್ಕ, ಇನ್ನೊಬ್ಬಳು ಮೇಲಿನ ಬೀದಿ ಪಾಪಕ್ಕ. ಮೂರನೆಯವಳೇ ನಮ್ಮ ಬಂತು ಪಾಪಕ್ಕ. ಈ ಹೆಸರು ಅವಳಿಗೆ ಬಂದಿದ್ದು ಗಂಡ ಆದಿನಾರಾಯಣಪ್ಪನ ಗಂಟಲಿನಿಂದ. ಯಾರದೋ ಮಾಳಿಗೆಯ ಮೇಲೆ ನಿಂತು ಅವಳು ಡಿಶ್ ತಿರುಗಿಸುತ್ತಿದ್ದರೆ, ಕೆಳಗೆ ಟೀವಿ ಮುಂದೆ ಕೂತ ಅವನು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ: "ಬಂತು... ಹೋಯ್ತು... ಬಂತು, ಬಂತು ಕಣೇ, ಅಲ್ಲೇ ಬಿಗಿ." ಕೂಗು ಗಂಡನದು, ಹೆಸರು ಹೆಂಡತಿಗೆ. ನಮ್ಮೂರಿನವರು ಹೆಸರಿಡುವಾಗ ನ್ಯಾಯ ಅನ್ಯಾಯ ಎಲ್ಲಿ ನೋಡುತ್ತಾರೆ.

ಪಾಪಕ್ಕ ಹುಟ್ಟಿದ್ದು ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಲ್ಲಿ. ಓದಿದ್ದು ಏಳನೇ ಕ್ಲಾಸು. ಮದುವೆಯಾಗಿ ಸಾಸಲಿಗೆ ಬಂದಾಗ ಆದಿನಾರಾಯಣಪ್ಪ ಕೇಬಲ್ ಎಳೆಯುತ್ತಿದ್ದ, ಆಮೇಲೆ ಡಿಶ್ ಕಟ್ಟತೊಡಗಿದ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷವೇ ಅವನು ಲಕ್ಷ್ಮಯ್ಯನವರ ಎರಡಂತಸ್ತಿನ ಮನೆಯ ಮೇಲಿಂದ ಕೆಳಗೆ ಬಿದ್ದ. ಜೀವ ಉಳಿಯಿತು, ಬೆನ್ನು ಉಳಿಯಲಿಲ್ಲ. ಸ್ಟೂಲು ಕೂಡ ಹತ್ತಬಾರದು ಅಂದರು ಡಾಕ್ಟರು. ಮನೆಯ ಪಡಸಾಲೆಯಲ್ಲಿ ಎಂಟು ಹೊಸ ಡಿಶ್ಶುಗಳು ಗೋಡೆಗೆ ಒರಗಿ ನಿಂತಿದ್ದವು. ಕೇಳಿಕೊಂಡು ಬಂದವರು ಬಾಗಿಲಲ್ಲಿ ನಿಂತಿದ್ದರು.

ಮೂರನೇ ದಿನ ಪಾಪಕ್ಕ ಸೀರೆಯ ಮೇಲೆ ಗಂಡನ ಹಳೇ ಶರ್ಟು ತೊಟ್ಟು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಲಕ್ಷ್ಮಯ್ಯನವರ ಅದೇ ಮಾಳಿಗೆ ಹತ್ತಿದಳು. ಎದುರುಮನೆ ಮಾರಕ್ಕನಿಗೆ ತಡೆಯಲಾಗಲಿಲ್ಲ.

"ಗಂಡ ಬಿದ್ದಿರೋ ಜಾಗಕ್ಕೆ ಹೆಂಡ್ತಿ ಹತ್ತುದ್ರೆ ಊರು ಏನಂದೀತು, ಪಾಪಕ್ಕಾ?"

"ಊರು ಕೆಳಗಿರ್ತದೆ ಕಣಕ್ಕ. ಮೇಲಕ್ಕೆ ಕೇಳ್ಸಲ್ಲ."

ವಾರ ಕಳೆಯುವಷ್ಟರಲ್ಲಿ ಮಾರಕ್ಕನ ಮನೆಯ ಮೇಲೂ ಒಂದು ಡಿಶ್ ಕೂತಿತ್ತು. ಧಾರಾವಾಹಿಯ ಮುಂದೆ ಯಾವ ಸಂಪ್ರದಾಯ ನಿಂತೀತು ಹೇಳಿ.

ಬೇರೆ ಫಿಟ್ಟರುಗಳು ಸಿಗ್ನಲ್ ಅಳೆಯುವ ಮೀಟರು ಹಿಡಿದು ಬರುತ್ತಿದ್ದರು. ಪಾಪಕ್ಕ ಬಂದವಳೇ ಅಡುಗೆಮನೆ ಎಲ್ಲಿ ಅಂತ ಕೇಳುತ್ತಿದ್ದಳು. ಕಾಫಿಗಲ್ಲ. ನಮ್ಮ ಕಡೆ ವಾಸ್ತು ನೋಡಿ ಕಟ್ಟಿದ ಮನೆಯಲ್ಲಿ ಒಲೆ ಇರುವುದು ಅಗ್ನಿಮೂಲೆಯಲ್ಲಿ, ಅಂದರೆ ಪೂರ್ವ ದಕ್ಷಿಣ ಸೇರುವ ಕಡೆ. ಅವಳು ಹಿಡಿಯುತ್ತಿದ್ದ ಉಪಗ್ರಹವೂ ಅದೇ ದಿಕ್ಕಿಗೆ, ನೆತ್ತಿಗಿಂತ ಒಂದಿಷ್ಟು ಕೆಳಗೆ ಇತ್ತು. ಒಲೆಯ ನೇರಕ್ಕೆ ಡಿಶ್ ತಿರುಗಿಸಿ, ಮುಖ ಮೇಲೆತ್ತಿ, ಬೆರಳಷ್ಟು ಆಚೆ ಈಚೆ ಮಾಡುವಷ್ಟರಲ್ಲಿ ಕೆಳಗಿಂದ "ಬಂತು" ಅನ್ನುವ ಕೂಗು ಏಳುತ್ತಿತ್ತು. "ಒಲೇನೂ ಡಿಶ್ಶೂ ಅಗ್ನಿಮೂಲೇಲಿ ಇದ್ರೆ ಮನೆ ತಣ್ಣಗಿರ್ತದೆ" ಅನ್ನುವುದು ಅವಳ ಮಾತು. ಹತ್ತು ವರ್ಷ ಆ ಮಾತು ಒಂದು ಮನೆಯಲ್ಲೂ ಸುಳ್ಳಾಗಲಿಲ್ಲ.

ಹೀಗಿರುವಾಗ ಮನೋಹರ್ ಬಂದ. ದೇವನಹಳ್ಳಿ ಕಡೆಯ ಹುಡುಗ, ರೈತ ಗಂಗಣ್ಣನ ಮಗ. ಜಮೀನು ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿ, ಹತ್ತು ವರ್ಷ ವಿಮಾನಕ್ಕೆ ಬ್ಯಾಗು ತುಂಬಿದ್ದ.

"ಎಲ್ಲಾರ ಬ್ಯಾಗೂ ಲೋಕ ಸುತ್ಕಂಡು ಬಂದ್ಬಿಡ್ತು ಅಕ್ಕ. ನಾನು ಮಾತ್ರ ಚಿಕ್ಕಬಳ್ಳಾಪುರ ದಾಟಿಲ್ಲ" ಅಂದ.

ಅದಕ್ಕೆ ಅವನು ಹಳೆಯದೊಂದು ಸ್ಟಾಫ್ ಬಸ್ಸು ಕೊಂಡು, ಹೊಸಕೋಟೆಯ ಶೆಡ್ಡಿನಲ್ಲಿ ಸೀಟು ಕೀಳಿಸಿ, ಮಂಚ, ಒಲೆ, ನೀರಿನ ಟ್ಯಾಂಕು, ಕಕ್ಕಸು ಎಲ್ಲ ಕೂರಿಸಿ ಮನೆಗಾಡಿ ಮಾಡಿಸಿದ್ದ. ಒಂದು ವರ್ಷ ಹೆಂಡತಿ ಜೊತೆ ದೇಶ ತಿರುಗುವ ಆಸೆ. ಹೆಂಡತಿ ಯಶಸ್ವಿನಿಗೆ ಕಂಪ್ಯೂಟರಿನಲ್ಲಿ ಡಾಕ್ಟರುಗಳ ರಿಪೋರ್ಟು ತಿದ್ದುವ ಕೆಲಸ. ಅವಳ ಆಫೀಸಿನವರು, ಎಲ್ಲಿಂದಾದರೂ ಮಾಡು, ಆದರೆ ಪ್ರತಿ ಸೋಮವಾರ ಹತ್ತು ಗಂಟೆಯ ಮೀಟಿಂಗಿನಲ್ಲಿ ಮುಖ ಕಾಣಬೇಕು, ಸತತ ಎರಡು ಸೋಮವಾರ ತಪ್ಪಿದರೆ ಕೆಲಸ ಇಲ್ಲ ಅಂದಿದ್ದರು. ಇಬ್ಬರ ಅನ್ನವೂ, ಆ ತಿರುಗಾಟವೂ ಅದೊಂದೇ ಕೆಲಸದ ಮೇಲೆ ನಿಂತಿತ್ತು. ಫೋನಿನ ನೆಟ್ವರ್ಕ್ ಇಲ್ಲದ ಕಡೆ ಏನು ಮಾಡುವುದು ಅಂತ ಉಪಗ್ರಹದ ಇಂಟರ್‌ನೆಟ್ ತರಿಸಿದ್ದರು. ಕಂಪನಿಯವರು ಡಿಶ್ಶು, ಡಬ್ಬ ಎಲ್ಲ ಕೊಟ್ಟು, ಗಾಡಿ ನಿಂತಾಗ ಮಾತ್ರ ಬಳಸಬೇಕು, ಮನೆಯ ಮೇಲಾದರೆ ನಾವೇ ಕಟ್ಟುತ್ತೇವೆ, ಚಕ್ರದ ಮೇಲೆ ಕಟ್ಟುವುದು ನಿಮ್ಮ ಪಾಡು ಅಂತ ಕೈತೊಳೆದುಕೊಂಡಿದ್ದರು. ದೊಡ್ಡಬಳ್ಳಾಪುರದ ಮೂರು ಜನ ಫಿಟ್ಟರುಗಳು ಬಸ್ಸನ್ನು ನೋಡಿ ನಕ್ಕು ಕಳಿಸಿದ್ದರು.

ಪಾಪಕ್ಕ ನಗಲಿಲ್ಲ. ಬಸ್ಸನ್ನು ಎರಡು ಸುತ್ತು ಹಾಕಿದಳು.

"ಮನೆಗೇ ಚಕ್ರ ಇದ್ರೆ ಅಗ್ನಿಮೂಲೆ ಎಲ್ಲಿ ಅಂತ ಹುಡುಕಾನ?" ಅಂತ ಗಂಡನನ್ನು ಕೇಳಿದಳು.

"ಮೂಲೆ ಗಾಡೀದಲ್ಲ ಕಣೇ, ಭೂಮೀದು. ಇದ್ರ ಉಪಗ್ರಹಾನೂ ಅದೇ ಮೂಲೇಲೇ ಅದೆ. ಡಿಶ್ಶು ಸುತ್ತ ತಿರುಗಂಗೆ ಮಾಡು, ಆಯ್ತು" ಅಂದ ಆದಿನಾರಾಯಣಪ್ಪ.

ಮೂರು ದಿನ ಹಿಡಿಯಿತು. ಬಸ್ಸಿನ ತಲೆಯ ಮೇಲೆ ಗೂಟದಂಥ ಕಂಬ ನಿಲ್ಲಿಸಿ, ಡಿಶ್ಶು ಅದರ ಸುತ್ತ ತಿರುಗುವಂತೆ ಮಾಡಿದಳು. ಹಳ್ಳಕೊಳ್ಳದಲ್ಲಿ ಗಾಡಿ ಕುಕ್ಕಿದರೆ ಡಿಶ್ಶಿನ ಮುಖ ಕೆಳಗೆ ಜಾರಬಾರದಲ್ಲ, ಅದಕ್ಕೆ ಊರಿನ ವೆಲ್ಡರ್ ದೇವೇಂದ್ರನ ಶೆಡ್ಡಿನಲ್ಲಿ ಒಂದು ಕಬ್ಬಿಣದ ತುಂಡನ್ನು ಅಡ್ಡ ಇಟ್ಟು ವೆಲ್ಡಿಂಗ್ ಮಾಡಿಸಿದಳು. ಆ ತಡೆ ಇರುವವರೆಗೆ ಡಿಶ್ಶಿನ ಮುಖ ಅವಳು ಕೂರಿಸಿದ ಎತ್ತರದಿಂದ ಕೂದಲೆಳೆಯಷ್ಟೂ ಇಳಿಯುವಂತಿರಲಿಲ್ಲ. ಎಂಥ ಅಚ್ಚುಕಟ್ಟು ಕೆಲಸವೆಂದರೆ, ದೇವೇಂದ್ರನೇ ಮಾರನೇ ದಿನ ಇಬ್ಬರನ್ನು ಕರೆತಂದು ತೋರಿಸಿದ.

ಸಾಸಲು ಕೆರೆಯ ಏರಿ ಪಕ್ಕ ಗಾಡಿ ನಿಲ್ಲಿಸಿ ನೋಡಿದರು. ಆದಿನಾರಾಯಣಪ್ಪ ಮನೆಗಾಡಿಯ ಮಂಚದ ಮೇಲೆ ಕೂತು, ಡಬ್ಬದ ದೀಪ ಕೆಂಪಿನಿಂದ ಹಸಿರಾಗುವುದನ್ನೇ ಕಾದು, ಎಂದಿನ ದನಿಯಲ್ಲಿ ಕೂಗಿದ. ಯಶಸ್ವಿನಿ ಅಲ್ಲಿಂದಲೇ ಆಫೀಸಿನವರ ಮುಖ ನೋಡಿ ಮಾತಾಡಿದಳು. ಪಾಪಕ್ಕನ ಮುಖ ಅರಳಿತು. ಅರಳಿದ ಮುಖದಲ್ಲಿ ಮನುಷ್ಯರು ಆಡಬಾರದ ಮಾತು ಆಡುತ್ತಾರೆ, ಪಾಪಕ್ಕನೂ ಆಡಿದಳು.

"ಇನ್ನು ಕಾಶ್ಮೀರಕ್ಕಾದ್ರೂ ಹೋಗ್ರಪ್ಪ. ಗಾಡಿ ನಿಲ್ಸಿ, ಪೂರ್ವ ನೋಡ್ಕಂಡು, ಅಗ್ನಿಮೂಲೆಗೆ ತಿರುಗ್ಸಿ. ಎತ್ತರ ನಾನು ಕೂರ್ಸಿದೀನಿ, ಅದನ್ನ ಮುಟ್ಬೇಡಿ. ಬರ್ಲಿಲ್ಲ ಅಂದ್ರೆ ನಾನಿನ್ನು ಮಾಳಿಗೆ ಹತ್ತಲ್ಲ."

ಗಾಡಿ ಹೊರಟಿತು. ಹೈದರಾಬಾದು, ನಾಗಪುರ, ದೆಹಲಿ, ಎಲ್ಲ ಕಡೆ ಫೋನಿನ ನೆಟ್ವರ್ಕೇ ಸಿಕ್ಕಿದ್ದರಿಂದ ಡಿಶ್ಶಿನ ಅಗತ್ಯ ಬೀಳಲಿಲ್ಲ. ಎರಡು ತಿಂಗಳು ಕಳೆದು ಒಂದು ಶನಿವಾರ ಮಧ್ಯಾಹ್ನ, ಪಾಪಕ್ಕ ಮುದ್ದೆ ಮುರಿಯುತ್ತಿರುವಾಗ ಆದಿನಾರಾಯಣಪ್ಪನ ಫೋನು ಬಡಿದುಕೊಂಡಿತು. ಮನೋಹರನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಅಕ್ಕ, ಹಿಮಾಚಲದ ಸ್ಪಿತಿ ಅನ್ನೋ ಕಡೆ ಇದೀವಿ. ನೆಟ್ವರ್ಕ್ ಇಲ್ಲ. ಗುಡ್ಡ ಕುಸಿದು ಗಾಡಿ ಸಿಕ್ಕಾಕ್ಕೊಂಡದೆ, ರಸ್ತೆ ಬಿಡೋಕೆ ವಾರ ಆಗ್ತದಂತೆ. ನಾನು ನಡ್ಕೊಂಡು ದಾಟಿ, ಲಾರಿ ಹತ್ತಿ, ಕೆಳಗಿನೂರಿನ ಅಂಗಡಿ ಫೋನಿಂದ ಮಾತಾಡ್ತಿದೀನಿ. ಇಲ್ಲೂ ಇಂಟರ್‌ನೆಟ್ ಇಲ್ಲ. ಡಿಶ್ ಬರ್ತಾನೇ ಇಲ್ಲ. ಹೋದ ಸೋಮವಾರ ತಪ್ಪೋಯ್ತು. ನಾಡಿದ್ದೂ ತಪ್ಪಿದ್ರೆ ಇವಳ ಕೆಲ್ಸ ಹೋಯ್ತು."

"ದಿಕ್ಕು ತಪ್ಪಿ ತಿರುಗ್ಸಿರ್ತೀಯ. ನನ್ನ ಡಿಶ್ಶಲ್ಲಿ ಐಬಿಲ್ಲ" ಅಂದಳು ಪಾಪಕ್ಕ, ತುಸು ಬಿರುಸಾಗಿಯೇ.

"ದಿಕ್ಸೂಚಿ ಇಟ್ಟೇ ನೋಡ್ದೆ ಅಕ್ಕ. ಸರಿಯಾಗಿ ಅಗ್ನಿಮೂಲೇನೇ."

"ಇನ್ನೊಂದ್ಸಲ ನೋಡು. ನಾಳೆ ಇದೇ ಹೊತ್ಗೆ ಫೋನ್ ಮಾಡು."

ಫೋನಿಟ್ಟ ಮೇಲೆ ಮುದ್ದೆಯ ತಟ್ಟೆ ಬದಿಗೆ ಸರಿಸಿದಳು. ಬಾಯಲ್ಲಿ ಐಬಿಲ್ಲ ಅಂದಿದ್ದೇನೋ ಸರಿ. ದೂರದ ಗುಡ್ಡದ ಮೇಲೆ ಒಂಟಿಯಾಗಿ ಕೂತಿರುವ ಆ ಹೆಣ್ಣುಮಗಳ ಮುಖ ಕಣ್ಣೆದುರು ಬಂತು. ಗಂಡನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಪಾಪ, ಅವನೂ ಹಿಂದೂಪುರ ದಾಟಿದವನಲ್ಲ. ಕಂಪನಿಗೆ ಫೋನು ಮಾಡಿದರೆ ಶನಿವಾರ ಮಧ್ಯಾಹ್ನದ ಮೇಲೆ ಯಾರೂ ಇಲ್ಲ.

ಭಾನುವಾರ ಬೆಳಿಗ್ಗೆ ಘಾಟಿ ಕಡೆಯ ಒಂದು ಮನೆಗೆ ಡಿಶ್ ಕಟ್ಟಲು ಹೋಗಬೇಕಿತ್ತು. ಇಬ್ಬರೂ ಮೊಪೆಡ್ಡಿನಲ್ಲಿ ಹೊರಟರು. ಓಡಿಸುವವಳು ಪಾಪಕ್ಕ, ಹಿಂದೆ ಟೂಲ್ ಚೀಲ ತಬ್ಬಿಕೊಂಡು ಆದಿನಾರಾಯಣಪ್ಪ. ಮಾಕಳಿ ಬೆಟ್ಟ ದೂರದಲ್ಲಿ ಕಣ್ಣಿನ ನೇರಕ್ಕೆ ಕಾಣುತ್ತಿತ್ತು. ಹತ್ತಿರ ಹೋದಂತೆಲ್ಲ ಮೇಲೇರಿತು. ಬೆಟ್ಟದ ಬುಡಕ್ಕೆ ಬಂದಾಗ ಅದರ ತುದಿ ನೋಡಲು ಪಾಪಕ್ಕ ಕತ್ತು ಎತ್ತಬೇಕಾಯಿತು. ಎತ್ತಿದ ಕತ್ತು ಹಾಗೇ ಉಳಿಯಿತು. ಮೊಪೆಡ್ಡು ರಸ್ತೆ ಪಕ್ಕ ನಿಂತಿತು.

"ಯಾಕೇ, ಪೆಟ್ರೋಲ್ ಮುಗೀತಾ?"

"ಏನ್ರೀ, ಈ ಬೆಟ್ಟ ದೊಡ್ಡಬಳ್ಳಾಪುರದಿಂದ ನೋಡುದ್ರೆ ಎಷ್ಟು ಎತ್ರ ಕಾಣ್ತದೆ?"

"ಇಷ್ಟಿಲ್ಲ. ಕೆಳಗೆ ಕಾಣ್ತದೆ."

"ದಿಕ್ಕು?"

"ಅದೂ ಬೇರೆ. ನಾವು ಸರಿದ್ರೆ ದಿಕ್ಕೂ ಸರೀತದಲ್ಲ."

"ಹಂಗಾದ್ರೆ ತಪ್ಪು ನಂದೇ ಕಣ್ರೀ" ಅಂದಳು ಪಾಪಕ್ಕ. "ಉಪಗ್ರಹಾನೂ ಬೆಟ್ಟದಂಗೇ. ನಾನು ಹುಟ್ಟಿದಾಗಿಂದ ಅದ್ರ ಬುಡದಲ್ಲೇ ನಿಂತು ಕತ್ತೆತ್ತಿ ನೋಡಿದೀನಿ. ಅವ್ರು ಎಷ್ಟೋ ದೂರ ಹೋಗವ್ರೆ. ಅಲ್ಲಿಂದ ಕೆಳಗೆ ಕಾಣ್ತದೆ. ಕೆಳಗೆ ಇಳೀಬಾರ್ದು ಅಂತ ನಾನೇ ಕಬ್ಬಿಣ ಇಟ್ಟು ಬೆಸೆದು ಕಳ್ಸಿದೀನಲ್ಲ."

ಎಷ್ಟು ಓದಿದವರಿಗೆ ಇದು ಹೊಳೆಯುತ್ತದೋ ನನಗೆ ಗೊತ್ತಿಲ್ಲ. ಹೊಳೆದರೂ, ತಪ್ಪು ನಂದೇ ಅಂತ ನಡುರಸ್ತೆಯಲ್ಲಿ ಒಪ್ಪಿಕೊಳ್ಳುವವರು ಎಷ್ಟು ಜನ? ಮನೋಹರನ ಫೋನು ಬಂದಾಗಲೂ ಅವಳು ಮಾತು ತೇಲಿಸಲಿಲ್ಲ.

"ಮನೋಹರಪ್ಪ, ತಪ್ಪು ನಂದು. ನಾನು ಬೆಸೆಸಿರೋ ಕಬ್ಬಿಣ ಇದ್ಯಲ್ಲ, ಅದನ್ನ ಗರಗಸದಲ್ಲಿ ಕೊಯ್ದು ಬಿಸಾಕು."

"ಅಕ್ಕ, ಅದನ್ನ ಮುಟ್ಬೇಡಿ ಅಂದಿದ್ರಿ."

"ಅಂದಿದ್ದೆ. ಈಗ ಕೊಯ್ಯಿ ಅಂತಿದೀನಿ. ಡಿಶ್ಶಿನ ಮುಖ ಒಂದು ಬೆರಳು ಕೆಳಗಿಳ್ಸು. ಆಮೇಲೆ ಅಗ್ನಿಮೂಲೆಯಿಂದ ದಕ್ಷಿಣದ ಕಡೆಗೆ ನಿಧಾನಕ್ಕೆ ತಿರುಗ್ಸು. ಬರ್ಲಿಲ್ವಾ, ಇನ್ನೊಂದು ಬೆರಳು ಇಳ್ಸು, ಮತ್ತೆ ತಿರುಗ್ಸು. ಒಂದೊಂದ್ಸಲ ಸರ್ಸಿದಾಗ್ಲೂ ಹತ್ತು ಎಣ್ಸು. ಅಲ್ಲಪ್ಪ, ಒಳಗೆ ಕೂತು ಕೂಗ್ತಿರೋರು ಯಾರು?"

"ಯಾರೂ ಇಲ್ಲ ಅಕ್ಕ. ನಾನೇ ತಿರುಗ್ಸಿ, ನಾನೇ ಇಳ್ದು ಬಂದು ನೋಡ್ತೀನಿ."

"ಅದ್ಕೇ ಮತ್ತೆ. ನೀನು ಇಳ್ಯೋಷ್ಟ್ರಲ್ಲಿ ಬಂದಿದ್ದು ಹೋಗಿರ್ತದೆ. ಯಶಸ್ವಿನಮ್ಮನ ಒಳಗೆ ಕೂರ್ಸು, ದೀಪ ನೋಡ್ಕಂಡು ಗಟ್ಟಿಯಾಗಿ ಕೂಗ್ಲಿ. ನಾಚ್ಕೋಬಾರ್ದು. ಕೂಗೋರಿಲ್ದೆ ಯಾವ ಡಿಶ್ಶೂ ಕೂರಲ್ಲ."

ಸೋಮವಾರ ಬೆಳಿಗ್ಗೆ ಲಕ್ಷ್ಮಯ್ಯನವರ ಮನೆಯಿಂದ ಕರೆ ಬಂತು. ಗಾಳಿಗೆ ಡಿಶ್ ಅಲುಗಾಡಿತ್ತು. ಹೋಗಲೋ ಬೇಡವೋ ಅಂತ ಪಾಪಕ್ಕ ಬಾಗಿಲಲ್ಲೇ ನಿಂತಳು. ಮಾಳಿಗೆ ಹತ್ತಲ್ಲ ಅಂದ ಮಾತು ಇತ್ತಲ್ಲ. ಆದಿನಾರಾಯಣಪ್ಪ ಶರ್ಟು ತಂದು ಕೈಗೆ ಕೊಟ್ಟ.

"ಇನ್ನೂ ಹತ್ತು ಗಂಟೆ ಆಗಿಲ್ಲ. ಆಮೇಲೆ ಬೇಕಾದ್ರೆ ಬಿಡು" ಅಂದ.

ಒಂಬತ್ತೂವರೆಗೆ ಅವಳು ಮಾಳಿಗೆಯ ಮೇಲಿದ್ದಳು. ಕೈ ಸ್ಪ್ಯಾನರಿನ ಮೇಲೆ, ಜೀವ ಎಲ್ಲೋ ಹಿಮಾಲಯದಲ್ಲಿ. ಒಂಬತ್ತು ಮುಕ್ಕಾಲಾಯಿತು. ಇವತ್ತು ಕೆಳಗಿಂದ ಯಾಕೋ ಕೂಗೇ ಇರಲಿಲ್ಲ. ಎರಡು ಸಲ ಬಗ್ಗಿ "ಬಂತಾ?" ಅಂತ ಕೇಳಿದಳು. ಗಂಡನಿಗೆ ಏನಾದರೂ ಆಯಿತೋ ಅಂತ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಅವನು ಬೆನ್ನುನೋವನ್ನೂ ಮರೆತು ಅಂಗಳಕ್ಕೆ ಬಂದು ನಿಂತು, ಬೀದಿಗೆ ಬೀದಿಯೇ ತಿರುಗಿ ನೋಡುವಂತೆ ಕೂಗಿದ.

"ಬಂತು. ಬಂತು ಕಣೇ."

"ಯಾವ ಚಾನೆಲ್ಲು?"

"ಚಾನೆಲ್ ಅಲ್ವೇ." ಅವನು ಫೋನನ್ನು ಎರಡು ಕೈಯಲ್ಲೂ ಎತ್ತಿ ಮಾಳಿಗೆಯ ಕಡೆ ಹಿಡಿದಿದ್ದ.

ಅಷ್ಟು ಎತ್ತರದಿಂದ ಪಾಪಕ್ಕನಿಗೆ ವಿಡಿಯೋದಲ್ಲಿದ್ದ ಮುಖ ಕಾಣಿಸಲಿಲ್ಲ. ಆದರೆ ಫೋನಿನೊಳಗಿಂದ ಒಂದು ದನಿ ಬಂತು. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಹೋಗಿದ್ದ ಯಶಸ್ವಿನಿ, ಆಫೀಸಿನವರಿಗೆ ಮುಖ ತೋರಿಸುವ ಮೊದಲು ಸಾಸಲಿಗೆ ತೋರಿಸುತ್ತಿದ್ದಳು. ಪಾಪಕ್ಕ ಗಂಡ ಬಿದ್ದಿದ್ದ ಅದೇ ಮಾಳಿಗೆಯ ಅಂಚಿನಲ್ಲಿ ಕುಕ್ಕರಿಸಿ ಕೂತು, ಶರ್ಟಿನ ತೋಳಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕೆಳಗೆ ಬಗ್ಗಿ ಕೇಳಿದಳು:

"ಎಷ್ಟು ಬೆರಳು ಇಳ್ಸಿದ್ರಂತೆ, ಕೇಳ್ರೀ. ಬರ್ದಿಟ್ಕೋಬೇಕು."