ಕೇಳದೆ ಬರೆದ ಹೆಸರು

೧೯೭೯. ಬೆಳಗಿನ ಆರು ಗಂಟೆ. ತರೀಕೆರೆಯ ಕಚೇರಿಯೊಂದರ ಹಿಂಬದಿ ಕೋಣೆಯಲ್ಲಿ ಹೆಂಗಸೊಬ್ಬರು ಹಾಜರಿ ಕರೆಯುತ್ತಿದ್ದಾರೆ. 'ಪೆರಿಯಸಾಮಿ.' ತುಸು ತಡೆಯುತ್ತಾರೆ. 'ಅಂಗಮುತ್ತು.' ಮತ್ತೆ ತಡೆಯುತ್ತಾರೆ. ಯಾರೂ ಓಗೊಡುವುದಿಲ್ಲ. ಇವರೆಲ್ಲ ಸತ್ತು ಅರವತ್ತೊಂದು ವರ್ಷವಾಗಿದೆ.

ಶಂಕರಮ್ಮ ಇಲ್ಲಿ ಕಸ ಗುಡಿಸುವವರು. ನಾಲ್ಕನೇ ಇಯತ್ತೆ ಓದಿದ್ದಾರೆ. ೧೯೧೮ರ ಮಹಾಜ್ವರದಲ್ಲಿ, ಕಾಫಿ ತೋಟದ ಕೂಲಿಗೆಂದು ತಮಿಳು ಸೀಮೆಯಿಂದ ಬಂದು ರೈಲಿಳಿದವರನ್ನು ಶೆಡ್ಡೊಂದರಲ್ಲಿ ಕೂಡಿಹಾಕಿದ್ದರು. ಅಲ್ಲಿ ಸತ್ತವರ ದಫ್ತರಕ್ಕೆ ಈಗ ಗೆದ್ದಲು ಹಿಡಿದಿದೆ. ಪೊರಕೆ ಹಿಡಿಯುವ ಮುನ್ನ ದಿನಕ್ಕೆರಡು ಪುಟ ಶಂಕರಮ್ಮ ಹೊಸ ಪುಸ್ತಕಕ್ಕೆ ಇಳಿಸುತ್ತಾರೆ. ಮೈಸೂರಿನ ಸಂಶೋಧಕರು ಬಂದು ಅಂಕಿಅಂಶ ಒಯ್ಯುತ್ತಾರೆ. ಅವರ ಗ್ರಂಥದಲ್ಲಿ ಕೃತಜ್ಞತೆ ಕಚೇರಿಯ ಸಾಹೇಬರಿಗೆ. ಸಾಹೇಬರಿಗೆ ಈ ಕೋಣೆಯ ಧೂಳು ಆಗಿಬರುವುದಿಲ್ಲ.

ಗಟ್ಟಿಯಾಗಿ ಓದುವುದೇಕೆಂದರೆ, 'ಬಾಯಲ್ಲಿ ಅಂದ್ರೆ ತಪ್ಪು ಸಿಕ್ತದೆ ಕಣ್ರೀ. ಸುಮ್ನೆ ಬರ್ಕಂಡ್ ಹೋದ್ರೆ ಕೈಗೆ ನಿದ್ದೆ ಬತ್ತದೆ' ಎನ್ನುತ್ತಾರೆ.

ಹೋದ ವರ್ಷ ಹಿರೇನಲ್ಲೂರಿನ ದೊಡ್ಡಬೀರಪ್ಪ ಬಂದಿದ್ದರು. ಆ ಶೆಡ್ಡಿನಲ್ಲಿ ತಬ್ಬಲಿಯಾದ ಎರಡು ವರ್ಷದ ಕೂಸೊಂದನ್ನು ಕುರಿ ಸಾಕುವ ಮನೆಯವರು ಬೆಳೆಸಿದರು. ಆ ಕೂಸೇ ಇವರು. ಹಿರಿಯರ ಹಬ್ಬದಲ್ಲಿ ಹೆಸರು ಹಿಡಿದು ಕರೆದು ಎಡೆ ಇಡಬೇಕು. ಹೆತ್ತವಳ ಹೆಸರೇ ಗೊತ್ತಿಲ್ಲ. ನಲವತ್ತು ವರ್ಷ ಇಟ್ಟ ಎಡೆಯನ್ನು ಕಾಗೆ ಮುಟ್ಟಿರಲಿಲ್ಲ. ಶಂಕರಮ್ಮ ಹುಡುಕಿಕೊಟ್ಟರು: 'ಹೆಂಗಸು, ಇಪ್ಪತ್ತು ವರ್ಷ, ಜೊತೆಗೆ ಗಂಡುಕೂಸು. ಹೆಸರು ಮಾರಿಮುತ್ತು.' ಮಾರಮ್ಮನ ಹೆಸರಲ್ಲವೇ, ಹೆಣ್ಣಿನದೇ ಎಂದು ಇಬ್ಬರೂ ನಂಬಿದರು. ಆ ಹಬ್ಬದಲ್ಲಿ ಹೆಸರು ಕರೆದದ್ದೇ ತಡ, ಕಾಗೆ ಬಂತು. ಒಂದೇ ಒಂದು.

ಈ ತಿಂಗಳು ದಫ್ತರದ ಕೊನೆಯ ಪುಟ ಓದುವಾಗ ಶಂಕರಮ್ಮನ ನಾಲಿಗೆ ತಡವರಿಸಿತು: 'ಹೆಂಗಸು. ಹೆಸರು ರಾಮಸಾಮಿ.' ಅಂಚಿನಲ್ಲಿ ಗುಮಾಸ್ತನೊಬ್ಬನ ಟಿಪ್ಪಣಿ: 'ಹೆಂಗಸರನ್ನು ಮಾತಾಡಿಸದೆ, ತೋಳಿನ ಹಚ್ಚೆ ನೋಡಿ ಬರೆದದ್ದು.' ಆ ಹೆಂಗಸರು ತೋಳಿಗೆ ಹಾಕಿಸಿಕೊಂಡಿದ್ದದ್ದು ಗಂಡನ ಹೆಸರು. ಮಾರಿಮುತ್ತು ಎಂಬುದೂ ಹಾಗೇ.

ಹೇಳದಿದ್ದರೂ ನಡೆಯುತ್ತಿತ್ತು. ಶಂಕರಮ್ಮ ಬಸ್ಸು ಹತ್ತಿ ಹಿರೇನಲ್ಲೂರಿಗೆ ಹೋಗಿ ಹೇಳಿಬಂದರು. ದೊಡ್ಡಬೀರಪ್ಪ ಕಾಗೆ ಬಂದು ಕೂತಿದ್ದ ಸೂರಿನತ್ತ ಕೈ ತೋರಿಸಿ ಹೇಳಿದರಂತೆ:

'ಹಂಗಾರೆ ಉಂಡ್ಹೋದೋನು ನಮ್ಮಪ್ಪ ಕಣಕ್ಕಾ. ಅವ್ವ ಇನ್ನೂ ಹಸ್ಕಂಡು ನಿಂತವ್ಳೆ.'

ಅಂಥ ಹೆಂಗಸರು ದಫ್ತರದಲ್ಲಿ ಮೂವತ್ತೊಂದು. ಹೊಸ ಪುಸ್ತಕದಲ್ಲಿ ಅವರ ಹೆಸರಿನ ಕಾಲಂ ಖಾಲಿ ಬಿಡಲು ಸಾಹೇಬರು ಹೇಳಿದ್ದಾರೆ. ಶಂಕರಮ್ಮ ಬಿಟ್ಟಿಲ್ಲ. ಒಬ್ಬೊಬ್ಬರ ಮುಂದೆಯೂ 'ಕೇಳಲಿಲ್ಲ' ಎಂದು ದುಂಡಗೆ ಬರೆದಿದ್ದಾರೆ.

'ಖಾಲಿ ಬಿಟ್ರೆ ಹೆಸ್ರೇ ಇರ್ಲಿಲ್ಲ ಅಂದ್ಕತಾರೆ. ಇತ್ತು ಕಣ್ರೀ, ಎಲ್ರಿಗೂ ಇತ್ತು.'